ಹನಗೋಡಿನ ರಾಗಿ ಪಾರ್ಟಿ

ನನ್ನ ಹೆಂಡತಿ ಮಂಗಳಮ್ಮನಿಗೆ ಸರ್ಕಾರದ ರೂಪಾಯಿಯ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಇದು ನನಗೆ ಗೊತ್ತಾದದ್ದು ಮದುವೆಯಾದ ಹೊಸದರಲ್ಲಿ. ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರ ಕೆಲಸ ಸಿಕ್ಕಿ, ಮೊದಲ ಸಂಬಳದ ಮೂವತ್ತೈದು ರೂಪಾಯಿಯನ್ನು ವೀಳ್ಯದೆಲೆಯ ಮೇಲಿಟ್ಟು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕೇಳಿದಳು:

"ಇದಕ್ಕೆ ಎಷ್ಟು ಪಲ್ಲ ರಾಗಿ ಬತ್ತದೆ?"

ಅವಳ ತವರು ಹನಗೋಡು. ಅಲ್ಲಿನವರು ಲೋಕದ ಸಮಸ್ತ ವಸ್ತುಗಳನ್ನೂ ರಾಗಿಯಲ್ಲಿ ಅಳೆಯುತ್ತಾರೆ. ನೂರು ಸೇರಿಗೆ ಒಂದು ಪಲ್ಲ. ಸೀರೆ ಮುಕ್ಕಾಲು ಪಲ್ಲ, ತಾಮ್ರದ ಹಂಡೆ ಎರಡು ಪಲ್ಲ, ಎಮ್ಮೆ ಹತ್ತು ಪಲ್ಲ. (ಅಳಿಯನಾದ ನನ್ನನ್ನು ಎಷ್ಟಕ್ಕೆ ಹಾಕಿದ್ದರೋ, ಕೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ.) ಚಕ್ರಬಡ್ಡಿಯನ್ನು ಬೋರ್ಡು ನೋಡದೆ ಬರೆಯಬಲ್ಲ ನನಗೆ, ಶಿವನಂಜಪ್ಪ ಮೇಷ್ಟ್ರಿಗೆ, ಇಂಥ ಧರ್ಮಪತ್ನಿ! ಏನು ಮಾಡುವುದು, ಹಣೆಬರಹ ಎಂದು ಸುಮ್ಮನಿದ್ದೆ.

ಸಾವಿರದ ಒಂಬೈನೂರ ನಲವತ್ತೇಳರ ಸಂಕ್ರಾಂತಿಯ ಹೊತ್ತಿಗೆ ರಾವಂದೂರಿನಲ್ಲಿದ್ದ ನಮ್ಮ ಪಿತ್ರಾರ್ಜಿತ ಜಮೀನನ್ನು ನಮ್ಮಣ್ಣ ಒಬ್ಬನೇ ಇಟ್ಟುಕೊಂಡು, ನನ್ನ ಭಾಗಕ್ಕೆ ಸಾವಿರದ ಐನೂರು ರೂಪಾಯಿ ಎಣಿಸಿಕೊಟ್ಟ. ಇನ್ನೂ ಸ್ವಲ್ಪ ಬಾಕಿ ಉಳಿಯಿತು. ಅವನ ಕೈಯಲ್ಲಿ ಕಾಸಿರಲಿಲ್ಲ, ಹತ್ತು ಪಲ್ಲ ರಾಗಿಯನ್ನು ಗಾಡಿಗೆ ಹೇರಿ ಕಳಿಸಿಬಿಟ್ಟ. ನಮ್ಮದು ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರಿಗೆ ಸಾವಿರ ಸೇರು ರಾಗಿ ಏಕೆ? ಮಾರಿಬಿಡೋಣ ಎಂದೆ.

"ಮಾರಬ್ಯಾಡಿ. ನಂಗೆ ಬುಡಿ," ಎಂದಳು ಮಂಗಳಮ್ಮ.

"ತಗೋ, ನಿನಗೇ ಇರಲಿ," ಎಂದು ರಾಜರು ಜಹಗೀರು ಕೊಟ್ಟಂತೆ ಕೊಟ್ಟುಬಿಟ್ಟೆ. ಗಾಡಿ ಹಾಗೇ ಹನಗೋಡಿನ ದಾರಿ ಹಿಡಿಯಿತು. ಅಲ್ಲಿ ಅವಳ ತಮ್ಮ ನಂಜಣ್ಣನ ಮನೆಯ ಮುಂದೆ ಹಗೇವು ಇದೆ. ನೆಲದೊಳಗೆ ಗುಡಾಣದ ಹಾಗೆ ತೋಡಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಕಣಜ. ರಾಗಿ ಅದರೊಳಗೆ ಹೋಯಿತು. ಅದರ ಸಂಗತಿಯೂ ನನ್ನ ತಲೆಯಿಂದ ಆಚೆ ಹೋಯಿತು.

ಇನ್ನು ನನ್ನ ಸಾವಿರದ ಐನೂರು. ನಾವಿದ್ದ ಮನೆಯ ಮಾಲೀಕರು ಚಾಮಯ್ಯನವರು, ಕೃಷ್ಣರಾಜನಗರದಲ್ಲಿ ಗದ್ದೆ ಮಾಡಿಕೊಂಡು ಅಲ್ಲೇ ಇದ್ದವರು. ನನಗೆ ಹಣ ಬಂದದ್ದು ತಿಳಿದು ತಾವಾಗಿಯೇ ಬಂದರು. "ಮೇಷ್ಟ್ರೇ, ಈ ಮನೆ ನೀವೇ ತಗೊಳಿ. ಸಾವಿರದ ಐನೂರು ಕೊಡಿ, ಸಾಕು," ಎಂದರು. ಮಂಗಳಮ್ಮ ಅಡಿಗೆಮನೆ ಬಾಗಿಲಿಂದ ಎರಡೂ ಕೈ ಆಡಿಸಿ 'ತಗೊಳ್ಳಿ, ತಗೊಳ್ಳಿ' ಎಂದು ಸನ್ನೆ ಮಾಡಿದಳು.

ಆದರೆ ನಾನು ಲೆಕ್ಕದ ಮೇಷ್ಟ್ರು. ಸ್ಲೇಟು ತರಿಸಿದೆ. ಪೋಸ್ಟಾಫೀಸಿನಲ್ಲಿ ಹನ್ನೆರಡು ವರ್ಷದ ಉಳಿತಾಯ ಸರ್ಟಿಫಿಕೇಟು ಬಂದಿತ್ತು. ನೂರು ಇಟ್ಟರೆ ನೂರೈವತ್ತು.

"ಚಾಮಯ್ಯನೋರೇ, ನೋಡಿ. ಸಾವಿರ ಇಲ್ಲಿಡ್ತೀನಿ. ಹನ್ನೆರಡು ವರ್ಷಕ್ಕೆ ಸಾವಿರದ ಐನೂರಾಗುತ್ತೆ. ಆಗ ನಿಮ್ಮ ಮನೆ ತಗೊಳ್ತೀನಿ. ಮಿಕ್ಕ ಐನೂರು ನನ್ನ ಹತ್ತಿರವೇ ಬೆಳೆಯುತ್ತಾ ಇರುತ್ತೆ. ಅಂದರೆ ಐನೂರು ರೂಪಾಯಿ ಉಳಿದ ಹಾಗಾಯಿತೋ ಇಲ್ಲವೋ?"

ಚಾಮಯ್ಯನವರು ಸ್ಲೇಟನ್ನು ಸ್ವಲ್ಪ ಹೊತ್ತು ನೋಡಿದರು, ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಓದಿದೋರು ನೀವು. ಹಂಗೇ ಆಗ್ಲಿ," ಎಂದು ಎದ್ದರು.

ಮಂಗಳಮ್ಮ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಆ ಮೂರು ದಿನದ ಶಾಂತಿಯಲ್ಲಿ ನಾನು ಉಳಿದ ಐನೂರನ್ನೂ ಶಾಸ್ತ್ರೋಕ್ತವಾಗಿ ವಿನಿಯೋಗಿಸಿದೆ. ಜಾಣನಾದವನು ಇದ್ದದ್ದನ್ನೆಲ್ಲ ಒಂದೇ ಕಡೆ ಹಾಕಬಾರದು, ನಾಲ್ಕು ಕಡೆ ಹಂಚಿಡಬೇಕು ಎಂದು ಪತ್ರಿಕೆಯಲ್ಲಿ ಓದಿದ್ದೆ. ಮುನ್ನೂರಕ್ಕೆ ಒಂದು ಅಕ್ಕಿ ಮಿಲ್ಲಿನ ಷೇರು ಕೊಂಡೆ. ಮಿಕ್ಕ ಇನ್ನೂರಕ್ಕೆ ಎರಡು ತೊಲ ಚಿನ್ನದ ಗಟ್ಟಿ ತಂದು, ಮಂಗಳಮ್ಮನ ಕಣ್ಣಿಗೆ ಬೀಳದಂತೆ ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿದೆ. ನಾಲ್ಕನೆಯ ಕಡೆ ಹಾಕಲು ಕಾಸಿರಲಿಲ್ಲ, ಮೂರಕ್ಕೇ ತೃಪ್ತನಾದೆ.

ಅಲ್ಲಿಂದ ಹನ್ನೆರಡು ವರ್ಷ ನಾನು ಆ ಮನೆಯಲ್ಲಿ ಬಾಡಿಗೆದಾರನಂತೆ ಬದುಕಲೇ ಇಲ್ಲ, ಭಾವೀ ಯಜಮಾನನಂತೆ ಬದುಕಿದೆ. ಹಿತ್ತಲಲ್ಲಿ ಬಾವಿ ತೋಡಿಸಿದೆ. ನಾಡಹೆಂಚು ತೆಗೆಸಿ ಮಂಗಳೂರು ಹೆಂಚು ಹಾಕಿಸಿದೆ. ಬಚ್ಚಲಿಗೆ ಕಲ್ಲು ಹಾಸಿಸಿದೆ, ಜಗಲಿಗೆ ಗಾರೆ ಮಾಡಿಸಿದೆ. ಎರಡು ತೆಂಗಿನ ಸಸಿ ನೆಟ್ಟೆ. ಚಾಮಯ್ಯನವರು ವರ್ಷಕ್ಕೊಮ್ಮೆ ಬಂದು, ಮನೆಯನ್ನು ಒಂದು ಸುತ್ತು ಹಾಕಿ, "ಮಾಡ್ಸಿ ಮೇಷ್ಟ್ರೇ, ಮಾಡ್ಸಿ. ನಿಮ್ದೇ ಮನೆ," ಎನ್ನುತ್ತಿದ್ದರು. ಹೋಗುವಾಗ ಕೆಲವು ಸಲ ಬಾಡಿಗೆಗೆ ಎಂಟಾಣೆಯೋ ರೂಪಾಯಿಯೋ ಸೇರಿಸಿ ಹೋಗುತ್ತಿದ್ದರು. ಎಂಟು ರೂಪಾಯಿ ಇದ್ದದ್ದು ಹನ್ನೆರಡಾಯಿತು.

ಅಂತೂ ಐವತ್ತೊಂಬತ್ತರ ಸಂಕ್ರಾಂತಿ ಬಂತು. ಸರ್ಟಿಫಿಕೇಟು ಹಣ್ಣಾಯಿತು. ಗರಿಗರಿ ನೋಟಿನಲ್ಲಿ ಸಾವಿರದ ಐನೂರು! ಒಂದು ದಿನ ಮನೆಯ ಪತ್ರವನ್ನು ಮಂಗಳಮ್ಮನ ಮಡಿಲಿಗೆ ಹಾಕಿ ಅವಳ ಮುಖ ನೋಡಬೇಕೆಂದು ನನಗೆ ಹನ್ನೆರಡು ವರ್ಷದ ಆಸೆ. ಅದಕ್ಕಾಗಿ ಅವಳಿಗೆ ಒಂದು ಮಾತೂ ಹೇಳದೆ ದಲ್ಲಾಳಿ ದಾಸಯ್ಯನನ್ನು ಕರೆದು ಚಾಮಯ್ಯನವರ ಹತ್ತಿರ ಕಳಿಸಿದೆ. ದಾಸಯ್ಯ ಮನೆ, ಎತ್ತು, ಹೊಗೆಸೊಪ್ಪು ಯಾವುದರ ವ್ಯಾಪಾರವಾದರೂ ಕುದುರಿಸಬಲ್ಲ. ಆದರೆ ಬಾಯಿ ಬಿಗಿ ಇಲ್ಲವೆಂದು ಕೇಳಿದ್ದೆ. ಅದಕ್ಕೇ ಮಲೆ ಮಾದಪ್ಪನ ಮೇಲೆ ಆಣೆ ಹಾಕಿಸಿದೆ.

"ನಾನು ಕೊಳ್ತಾ ಇರೋ ವಿಷಯ ಒಂದು ನರಪಿಳ್ಳೆಗೂ ತಿಳೀಕೂಡದು."

"ಮಾದಪ್ಪನಾಣೆ ಯಾರ್ಗೂ ಏಳಾಕಿಲ್ಲ ಮೇಷ್ಟ್ರೆ," ಎಂದು ದಾಸಯ್ಯ ಗಲ್ಲ ಮುಟ್ಟಿಕೊಂಡ.

ನಾಲ್ಕು ದಿನ ಬಿಟ್ಟು ಸ್ಕೂಲಿನ ಹತ್ತಿರ ಬಂದ. "ಎಲ್ಡು ಸಾವ್ರದ ಇನ್ನೂರು ಅಂತಾರೆ," ಎಂದ.

"ಏನಯ್ಯಾ! ಸಾವಿರದ ಐನೂರು ಅಂತ ಮಾತಾಗಿತ್ತಲ್ಲ?"

"ಅದು ಯಾವತ್ತಿನ ಮಾತು ಮೇಷ್ಟ್ರೆ? ಆವಾಗ ಇನ್ನೂ ಬಿಳೀ ದೊರೆಗಳಿದ್ರು. ಈಗ ಅಂಥ ಮನೆ ಎಲ್ಲದೆ? ಮಂಗಳೂರೆಂಚು, ಬಾವಿ..."

"ಬಾವಿ ತೋಡಿಸಿದ್ದು ನಾನು!"

"ಅದ್ಕೇ ಕಣಿ ಏಳಿದ್ದು. ಬಲೇ ಒಳ್ಳೆ ಬಾವಿ."

ನನ್ನ ಸಮಸ್ತ ಐಶ್ವರ್ಯವನ್ನೂ ಕೂಡಿಸಿದೆ. ಸರ್ಟಿಫಿಕೇಟು ಸಾವಿರದ ಐನೂರು. ಚಿನ್ನ ಮಾರಿದರೆ ಇನ್ನೂರ ಮೂವತ್ತು. ಮಿಲ್ಲಿನ ಷೇರು ಮುನ್ನೂರಕ್ಕೆ ಮುನ್ನೂರೇ. ಅದು ವರ್ಷಕ್ಕೊಂದು ಕ್ಯಾಲೆಂಡರು ಬಿಟ್ಟು ಮತ್ತೇನೂ ಈದಿರಲಿಲ್ಲ. ಒಟ್ಟು ಎರಡು ಸಾವಿರದ ಮೂವತ್ತು. ಹೋಗಲಿ, ಪ್ರಾವಿಡೆಂಟ್ ಫಂಡಿನಲ್ಲಿ ಸಾಲ ಎತ್ತೋಣವೆಂದು ಮನಸ್ಸು ಗಟ್ಟಿ ಮಾಡಿ, "ಆಗಲಿ, ಎರಡು ಸಾವಿರದ ಇನ್ನೂರೇ ಇರಲಿ," ಎಂದೆ.

ಮಾರನೆಯ ದಿನ ದಾಸಯ್ಯ ತಲೆ ಕೆರೆದುಕೊಳ್ಳುತ್ತ ಬಂದ. "ಇನ್ನೊಂದು ಪಾರ್ಟಿ ಬಂದದೆ ಮೇಷ್ಟ್ರೆ. ಇಪ್ಪತ್ತಮೂರು ನೂರು ಅಂದವ್ರೆ."

"ಯಾವನಯ್ಯ ಅವನು?"

"ಏಳಂಗಿಲ್ಲ. ಆಣೆ ಆಗದೆ."

"ಎಲ್ಲಿಯವನು? ಅಷ್ಟಾದರೂ ಹೇಳು."

ದಾಸಯ್ಯ ಆಚೀಚೆ ನೋಡಿದ. "ಹನಗೋಡು ಕಡೆ ಪಾರ್ಟಿ. ದುಡ್ಡಿನ ಕುಳ ಅಲ್ಲ, ರಾಗಿ ಕುಳ," ಎಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಒಂದ್ಸಲ ಮನೇಲಿ ಅಮ್ಮಾವ್ರನ್ನ ಕೇಳಿ ನೋಡ್ಬಾರ್ದಾ ಮೇಷ್ಟ್ರೆ?" ಎಂದ.

"ಹೆಂಗಸರಿಗೇನು ಗೊತ್ತಯ್ಯ ಇಂಥ ವ್ಯವಹಾರ? ನಡಿ, ಇಪ್ಪತ್ತನಾಲ್ಕು ನೂರು ಅಂತ ಹೇಳು!"

ಅಂದು ರಾತ್ರಿ ಊಟಕ್ಕೆ ಕೂತಾಗ ಮಂಗಳಮ್ಮ ಮುದ್ದೆಯನ್ನು ತಟ್ಟೆಗೆ ದಡ್ಡೆಂದು ಹಾಕಿದಳು. "ಈ ಊರಲ್ಲಿ ಕೆಲವರಿಗೆ ಕೊಬ್ಬು ಜಾಸ್ತಿ ಆಗದೆ ಕಣ್ರೀ," ಎಂದಳು.

"ನಿಜ ಕಣೇ," ಎಂದೆ ಮನಸಾರೆ. "ಇನ್ನೊಬ್ಬರ ಬಾಯಿಗೆ ಬಂದ ತುತ್ತು ಕಿತ್ಕೊಳ್ಳೋ ಜನ."

"ಅಂಥೋರಿಗೆ ಒಳ್ಳೇದಾಯ್ತದಾ?"

"ಖಂಡಿತ ಆಗೋದಿಲ್ಲ. ಅವನ ಮನೆ ಹಾಳಾಗ!"

"ಹಾಳಾಗ!" ಎಂದು ಅವಳೂ ದನಿಗೂಡಿಸಿದಳು. ಎಷ್ಟೋ ವರ್ಷದ ಮೇಲೆ ನಾವಿಬ್ಬರೂ ಇಷ್ಟು ಅನ್ಯೋನ್ಯವಾಗಿ ಒಂದೇ ಮಾತಾಡಿದ್ದೆವು. ಯಾರ ಬಗ್ಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಖುಷಿಗೆ ಇನ್ನರ್ಧ ಮುದ್ದೆ ಹೆಚ್ಚಾಗಿಯೇ ನುಂಗಿದೆ.

ಇನ್ನು ಹದಿನೈದು ದಿನ ನಡೆದದ್ದು ಕುರುಕ್ಷೇತ್ರ. ರಾಗಿ ಪಾರ್ಟಿ ಇಪ್ಪತ್ತೈದು ಎಂದರೆ ನಾನು ಇಪ್ಪತ್ತಾರು. ಅವನು ಇಪ್ಪತ್ತೇಳು ಎಂದರೆ ನಾನು ಇಪ್ಪತ್ತೆಂಟು. ಆ ಹನಗೋಡಿನ ಮಹಾರಾಯನನ್ನು ನಾನು ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದೆ: ಗಿರಿಜಾ ಮೀಸೆ, ಕಿವಿಗೆ ಹತ್ತಕಡಕು, ಹೆಗಲಲ್ಲಿ ಜರತಾರಿ ವಲ್ಲಿ, ನಾಲ್ಕು ಹಗೇವಿನ ಯಜಮಾನ. ಕನಸಿನಲ್ಲಿ ಬಂದು ನನ್ನ ಬಾವಿಯಿಂದ ನೀರು ಸೇದುತ್ತಿದ್ದ! ದಾಸಯ್ಯನೋ, ದಿನದಿನಕ್ಕೂ ಸೊರಗಿಹೋದ. ಬೆಲೆ ಏರಿದಷ್ಟೂ ದಲ್ಲಾಳಿಗೆ ಕಮಿಷನ್ ಏರಬೇಕು, ಸಂತೋಷವಾಗಬೇಕು. ಇವನು ಮಾತ್ರ, "ಸಾಕು ಬುಡಿ ಮೇಷ್ಟ್ರೆ, ನನ್ ಕೈಲಿ ನೋಡಕ್ಕಾಗಲ್ಲ. ಮನೇಲಿ ಒಂದ್ ಮಾತು ಕೇಳಿ, ನಿಮ್ ದಮ್ಮಯ್ಯ," ಎಂದು ಕೈ ಮುಗಿಯುತ್ತಿದ್ದ. ಎಲ್ಲೋ ರಾಗಿ ಪಾರ್ಟಿ ಇವನಿಗೆ ಲಂಚ ಕೊಟ್ಟಿರಬೇಕೆಂದು ನಾನು ಅನುಮಾನಪಟ್ಟೆ.

ಅವನು ಇಪ್ಪತ್ತೊಂಬತ್ತು ಎಂದ ದಿನ ನನಗೆ ಜ್ವರ ಬಂದಂತಾಯಿತು. ಅದೇ ಹೊತ್ತಿಗೆ ಚಾಮಯ್ಯನವರೂ ಹೇಳಿಕಳಿಸಿದರು: ಈ ಭಾನುವಾರ ನಾನೇ ಹುಣಸೂರಿಗೆ ಬರುತ್ತೇನೆ, ಎರಡು ಪಾರ್ಟಿಯೂ ಮನೆಯ ಜಗಲಿಗೇ ಬರಲಿ, ಎದುರೆದುರು ಕೂತು ಮುಗಿಸೋಣ.

ಭಾನುವಾರ ಬೆಳಿಗ್ಗೆ ಮೊದಲು ಮಂಗಳಮ್ಮನನ್ನು ಮನೆಯಿಂದ ಸಾಗಿಸಬೇಕಾಗಿತ್ತು. "ದೇವಸ್ಥಾನಕ್ಕೆ ಹೋಗಿ ಬಾರೇ, ನಿಧಾನವಾಗಿ ಬಾ," ಎಂದೆ. ಎಂದೂ ಎದುರಾಡದೆ ಇರದವಳು, "ಆಯ್ತು. ನೀವೂ ಸ್ಕೂಲಲ್ಲಿ ಪೇಪರು ತಿದ್ದೋದಿದೆ ಅಂತಿದ್ರಲ್ಲ, ಹೋಗಿ ಬನ್ನಿ," ಎಂದು ಕೊಡೆಯನ್ನೂ ಕೈಗಿತ್ತಳು. ಇಬ್ಬರೂ ಮುಂಬಾಗಿಲಿಂದ ಹೊರಟೆವು. ನಾನು ಬೀದಿಯ ಕೊನೆ ಮುಟ್ಟಿ, ಒಂದು ಬೀಡಾ ಹಾಕಿಕೊಂಡು, ತಿರುಗಿ ಬಂದೆ.

ಜಗಲಿಯ ಮೇಲೆ ಚಾಮಯ್ಯನವರು ಕೂತಿದ್ದರು. ದಾಸಯ್ಯ ಕಂಬ ಹಿಡಿದುಕೊಂಡು ನಿಂತಿದ್ದ. ನಾನು ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿಯೇ ಕೇಳಿದೆ: "ಎಲ್ಲಿ, ಬಂದನೇನು ಆ ಹನಗೋಡಿನ ರಾಗಿ ಪಾರ್ಟಿ? ಧೈರ್ಯ ಇದ್ದರೆ ನನ್ನ ಎದುರಿಗೆ ಬರಲಿ!"

ಹಿತ್ತಲ ಬಾಗಿಲಿಂದ ಒಳಗೆ ಬಂದು, ಧಾರೆ ಸೀರೆ ಉಟ್ಟು, ಸೆರಗು ಬಿಗಿದು, ಪಾರ್ಟಿ ಹೊಸ್ತಿಲಲ್ಲಿ ನಿಂತಿತ್ತು.

"ನೀವಾ ಕಾಗದದ ಪಾರ್ಟಿ?" ಎಂದಳು ಮಂಗಳಮ್ಮ.

ದಾಸಯ್ಯ ಕಂಬ ಬಿಟ್ಟು ನೆಲಕ್ಕೆ ಕೂತುಬಿಟ್ಟ. "ಮಾದಪ್ಪ, ಇಳಿಸ್ದೆ ಕಣಪ್ಪ ನನ್ ತಲೆ ಮ್ಯಾಗಳ ಹೊರೆ! ಇಬ್ರೂ ನಿನ್ ಮೇಲೇ ಆಣೆ ಹಾಕುಸ್ಬುಟ್ರು. ನಾ ಏಳಂಗೂ ಇಲ್ಲ, ಬುಡಂಗೂ ಇಲ್ಲ. ಹದಿನೈದು ದಿನ ಅನ್ನ ಸೇರ್ನಿಲ್ಲ ಕಣಪ್ಪ!"

ಆಮೇಲೆ ವಿಷಯ ಹೊರಬಿತ್ತು. ನಾನು ಸ್ಕೂಲಿನಲ್ಲಿದ್ದಾಗ ದಾಸಯ್ಯ ನನ್ನನ್ನು ಹುಡುಕಿಕೊಂಡು ಮನೆಗೆ ಬಂದು, ಮನೆ ಮಾರಾಟಕ್ಕಿದೆ ಎಂಬಷ್ಟನ್ನು ಬಾಯಿ ಜಾರಿ ಅಂದಿದ್ದ. ಮಂಗಳಮ್ಮ ಅಲ್ಲೇ ಹಿಡಿದಳು. ಕೊಳ್ಳುವವನು ಯಾರೆಂದರೆ, ಆಣೆಗೆ ಹೆದರಿ 'ಕಾಗದದ ಪಾರ್ಟಿ' ಎಂದಷ್ಟೇ ಹೇಳಿದ್ದ. ಮನೆ ಬೇರೆಯವರ ಪಾಲಾಗುವ ಮೊದಲು ತಾನೇ ಮಾತಾಡಿ ಮುಗಿಸಿ, ಪತ್ರವನ್ನು ನನ್ನ ಮುಂದಿಟ್ಟು ನನ್ನ ಮುಖ ನೋಡಬೇಕೆಂದು ಅವಳಿಗೂ ಆಸೆ.

"ಅಲ್ಲವೇ, ಇಪ್ಪತ್ತೊಂಬತ್ತು ನೂರು ರೂಪಾಯಿ ನಿನಗೆಲ್ಲಿಂದ ಬಂತೇ?"

"ಹಗೇವಲ್ಲಿ ನಲವತ್ತೆರಡು ಪಲ್ಲ ಅದೆ."

"ಹತ್ತು ಪಲ್ಲ ಅಲ್ಲವೇ ಇದ್ದದ್ದು?"

"ಅದು ನೀವು ಕೊಟ್ಟಾಗ. ಮಳೆಗಾಲದಲ್ಲಿ ಇಲ್ಲದೋರು ತಗೊಂಡೋಗ್ತಾರೆ, ಸುಗ್ಗೀಲಿ ನಾಲ್ಕು ಸೇರಿಗೆ ಐದು ಸೇರು ತಂದು ಸುರೀತಾರೆ. ಮಳೆ ಕೈಕೊಟ್ಟ ವರ್ಷ ನಾನು ಹೆಚ್ಚಿಗೆ ಕೇಳ್ಲಿಲ್ಲ. ರಾಗಿ ತಗೊಂಡಿದ್ದ ಮಾರಮ್ಮನ ಮನೇಲಿ ಸಾವಾದಾಗ ಪೂರ್ತಿ ಬುಟ್ಟೆ. ಎಲ್ಲಾ ಕಳೆದು ಇಷ್ಟು ಅದೆ."

ನನ್ನ ಬಾಯಲ್ಲಿದ್ದ ಬೀಡಾ ಒಣಗಿತು. ಪಲ್ಲಕ್ಕೆ ಇಪ್ಪತ್ತೆಂಟು ರೂಪಾಯಿ ನಡೆಯುತ್ತಿತ್ತು. ನಲವತ್ತೆರಡಕ್ಕೆ ಸಾವಿರದ ನೂರ ಎಪ್ಪತ್ತಾರು.

"ಮಿಕ್ಕದ್ದು?" ಎಂದೆ.

"ನಿಮ್ ಸರ್ಟಿಫಿಕೇಟು, ಟ್ರಂಕಿನ ತಳದ ಚಿನ್ನ, ಆ ಮಿಲ್ಲಿನ ಷೇರು. ಇನ್ಯಾರನ್ನ ಕೇಳ್ಲಿ?"

ಅಂದರೆ ನನ್ನ ಮೇಲೆ ಬೆಲೆ ಏರಿಸಲು ಅವಳು ನನ್ನ ದುಡ್ಡನ್ನೇ ನಂಬಿಕೊಂಡಿದ್ದಳು!

"ಅದಿರಲಿ, ಎರಡು ಸಾವಿರದ ಇನ್ನೂರರ ಮನೆಗೆ ಇಪ್ಪತ್ತೊಂಬತ್ತು ನೂರು ಅಂದೆಯಲ್ಲ, ತಲೆಗಿಲೆ ನೆಟ್ಟಗಿದೆಯೇ?" ಎಂದು ನಾನು ಸಿಕ್ಕ ಎಳೆಯೊಂದನ್ನು ಹಿಡಿದು ದಬಾಯಿಸಿದೆ.

"ನೆಟ್ಟಗೇ ಅದೆ. ಅವತ್ತು ಚಾಮಯ್ಯನೋರು ಈ ಮನೆಗೆ ಸಾವಿರದ ಐನೂರು ಅಂದ್ರು. ಅವತ್ತು ಪಲ್ಲಕ್ಕೆ ಹದಿನಾಲ್ಕು ರೂಪಾಯಿ. ನೂರೇಳು ಪಲ್ಲದ ಮನೆ. ಇವತ್ತೂ ನೂರೇಳು ಪಲ್ಲದವರ್ಗೂ ಹೋಗ್ಬೋದು ಅಂತ ಇಟ್ಕಂಡಿದ್ದೆ. ಇಪ್ಪತ್ತೊಂಬತ್ತು ನೂರು ಅಂದ್ರೆ ನೂರಾ ಮೂರೂವರೆ. ಇನ್ನೂ ಮೂರೂವರೆ ಪಲ್ಲ ಇತ್ತು ನನ್ ಕೈಲಿ."

ನಾನು ಅಭ್ಯಾಸಬಲದಿಂದ ಬಾಯಲ್ಲೇ ಭಾಗಾಕಾರ ಮಾಡಿ ನೋಡಿದೆ. ತಪ್ಪಿರಲಿಲ್ಲ.

"ನೀವು ಅವತ್ತು ಹಂಚಿಟ್ಟ ದುಡ್ಡೂ ನೂರೇಳು ಪಲ್ಲದ್ದೇ," ಎಂದು ಅವಳು ಮುಂದುವರಿಸಿದಳು. "ಈಗ ಎಷ್ಟದೆ?"

"ಎರಡು ಸಾವಿರದ ಮೂವತ್ತು," ಎಂದೆ. ಐನೂರ ಮೂವತ್ತು ಲಾಭ ಎಂದು ಸೇರಿಸಬೇಕೆಂದಿದ್ದೆ, ಯಾಕೋ ನಾಲಗೆ ಏಳಲಿಲ್ಲ.

"ಎಪ್ಪತ್ತೆರಡೂವರೆ ಪಲ್ಲ. ಮೂರು ಕಡೆ ಇಟ್ಟು, ಬೀಗ ಹಾಕಿ, ಹನ್ನೆರಡು ವರ್ಷ ಕಾದು, ಮೂವತ್ತನಾಲ್ಕೂವರೆ ಪಲ್ಲ ಕಳ್ಕೊಂಡ್ರಿ. ಮನೆ ಇದ್ದಲ್ಲೇ ಅದೆ ಕಣ್ರೀ, ಮೇಲಕ್ಕೂ ಹೋಗಿಲ್ಲ, ಕೆಳಕ್ಕೂ ಹೋಗಿಲ್ಲ. ನಿಮ್ ರೂಪಾಯಿ ಸವೆದೋಗದೆ."

ಇಪ್ಪತ್ತು ವರ್ಷ ಲೆಕ್ಕ ಹೇಳಿಕೊಟ್ಟವನಿಗೆ ಜಗಲಿಯ ಮೇಲೆ, ಅದೂ ನಾನೇ ಗಾರೆ ಮಾಡಿಸಿದ ಜಗಲಿಯ ಮೇಲೆ, ಪಾಠವಾಯಿತು. ಇದನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರಲಿಲ್ಲ. ನೂರು ನೂರೈವತ್ತಾಗುವುದನ್ನು ಮಾತ್ರ ನೋಡಿದ್ದೆ. ಆ ನೂರೈವತ್ತು ಪೇಟೆಗೆ ಹೋದರೆ ಏನು ತರುತ್ತದೆಂದು ಕೇಳಿರಲಿಲ್ಲ.

ಚಾಮಯ್ಯನವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ.

"ಮೇಷ್ಟ್ರೇ, ನಿಮ್ಮಂಥ ಬಾಡಿಗೆದಾರ್ರು ಸಿಕ್ಕಿದ್ದು ನನ್ ಪುಣ್ಯ. ಬಾಡಿಗೇಲೇ ಸಾವಿರದ ನಾನೂರು ಚಿಲ್ರೆ ಕೊಟ್ರಿ. ಬಾವಿ ತೋಡ್ಸಿದ್ರಿ, ಹೆಂಚಾಕ್ಸಿದ್ರಿ. ಈಗ ಗಂಡ ಹೆಂಡ್ತಿ ಸೇರ್ಕಂಡು ಏಳ್ನೂರು ರೂಪಾಯಿ ಏರ್ಸಿದ್ರಿ! ನನ್ ಸ್ವಂತ ಮಕ್ಕಳೂ ನಂಗೆ ಇಷ್ಟು ಮಾಡಿಲ್ಲ."

"ಹಾಗಾದರೆ ಇಪ್ಪತ್ತೊಂಬತ್ತು ನೂರು..." ಎಂದೆ.

"ಬುಡ್ತು ಅನ್ನಿ! ಒಂದೇ ಒಲೆ ಮುಂದೆ ಉಣ್ಣೋರ ಹತ್ರ ಹರಾಜು ಹಾಕಿ ದುಡ್ಡು ತಗೊಂಡ್ರೆ ಮಾದಪ್ಪ ನನ್ನ ಸುಮ್ನೆ ಬುಟ್ಟಾನಾ? ನಾನು ಬಾಯಿಬುಟ್ಟು ಕೇಳಿದ್ದು ಎರಡು ಸಾವಿರದ ಇನ್ನೂರು. ಅಷ್ಟೇ ಕೊಡಿ." ಆಮೇಲೆ ನನ್ನನ್ನು ಬಿಟ್ಟು ಮಂಗಳಮ್ಮನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಅವ್ವಾ, ಅದ್ರಲ್ಲಿ ಏಳ್ನೂರು ರೂಪಾಯಿಗೆ ರಾಗೀನೇ ಕೊಟ್ಟೀಯಾ?"

ಹಾಗೆ ನನ್ನ ಸರ್ಟಿಫಿಕೇಟಿನ ಸಾವಿರದ ಐನೂರು ಮತ್ತು ಹಗೇವಿನ ಇಪ್ಪತ್ತೈದು ಪಲ್ಲ ರಾಗಿ ಸೇರಿ ಮನೆ ನಮ್ಮದಾಯಿತು. ಎರಡರಲ್ಲಿ ಯಾವುದೊಂದೇ ಇದ್ದಿದ್ದರೂ ಸಾಲ ಮಾಡದೆ ಆಗುತ್ತಿರಲಿಲ್ಲ. ಚಿನ್ನದ ಗಟ್ಟಿ ಗುಂಡಿನ ಸರವಾಗಿ ಮಂಗಳಮ್ಮನ ಕೊರಳಿಗೇರಿತು. ಹನ್ನೆರಡು ವರ್ಷದಲ್ಲಿ ಅದು ಮಾಡಿದ ಮೊದಲ ಒಳ್ಳೆಯ ಕೆಲಸ. ದಾಸಯ್ಯ ಕಮಿಷನ್ ಬೇಡವೆಂದ. ಮಾದಪ್ಪನ ಹೆಸರಲ್ಲಿ ಒಂದು ಊಟ ಹಾಕಿಸಿದೆವು, ಅವನು ಹದಿನೈದು ದಿನದ ಅನ್ನವನ್ನು ಒಂದೇ ಪಂಕ್ತಿಯಲ್ಲಿ ಸರಿಮಾಡಿಕೊಂಡ.

ಪತ್ರ ಕೈಗೆ ಬಂದ ದಿನ ಮಂಗಳಮ್ಮ ನನ್ನ ಪಕ್ಕದಲ್ಲಿ ಬಂದು ಕೂತಳು. "ಒಂದು ಮಾತು ಹೇಳ್ಬೇಕು. ನೀವು ದೊಡ್ಡೋರು ಕಣ್ರೀ. ಹನ್ನೆರಡು ವರ್ಷದಲ್ಲಿ ಒಂದಿನಾನೂ 'ಆ ರಾಗಿ ಏನಾಯ್ತು' ಅಂತ ಕೇಳ್ಲಿಲ್ಲ. ಬೇರೆ ಗಂಡಸ್ರಾಗಿದ್ರೆ ಎಂದೋ ಮಾರ್ಸಿ ತಿಂದಿರೋರು," ಎಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ಮರೆತೇಹೋಗಿತ್ತು ಎಂದು ಹೇಳುವಷ್ಟು ಸತ್ಯಸಂಧ ನಾನಲ್ಲ. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ, ಅವಳ ಲೆಕ್ಕಕ್ಕೆ ನಕ್ಕದ್ದು ನನ್ನ ದಡ್ಡತನ. ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಹೇಳಬಾರದಾಗಿತ್ತು.

ಏಕೆಂದರೆ ಮುಂದಿನ ತಿಂಗಳ ಒಂದನೇ ತಾರೀಖು ಅವಳು ಕೈ ಚಾಚಿ ನಿಂತಳು. "ಬಾಡಿಗೆ," ಎಂದಳು.

"ಯಾವ ಬಾಡಿಗೆಯೇ? ಮನೆ ನಮ್ಮದಾಯಿತಲ್ಲ!"

"ಹಗೇವಿಂದ ಇಪ್ಪತ್ತೈದು ಪಲ್ಲ ಹೋಗಿಲ್ವಾ? ಅದು ತುಂಬೋ ತನಕ ಕೊಡಿ. ಚಾಮಯ್ಯನೋರಿಗೆ ಹನ್ನೆರಡು ವರ್ಷ ಕೊಟ್ರಿ, ನಂಗೆ ಕೊಡಕ್ಕೆ ಕಷ್ಟವಾ?"

ನ್ಯಾಯ ಅವಳ ಕಡೆಗಿತ್ತು. ಹನ್ನೆರಡು ರೂಪಾಯಿ ತೆಗೆದುಕೊಟ್ಟೆ. ಅವಳು ಮುಟ್ಟಲಿಲ್ಲ.

"ರೂಪಾಯಿ ಲೆಕ್ಕ ಬ್ಯಾಡ, ಸವೀತದೆ. ಹನ್ನೆರಡು ರೂಪಾಯಿ ಅಂದ್ರೆ ನಲವತ್ತಮೂರು ಸೇರು. ತಿಂಗಳಿಗೆ ನಲವತ್ತಮೂರು ಸೇರಿನ ದುಡ್ಡು, ಆಯಾ ತಿಂಗಳ ಧಾರಣೆ ನೋಡಿ ಕೊಡಿ."

ಅಂದಿನಿಂದ ಹುಣಸೂರಿನಲ್ಲಿ ಸಂತೆಯ ದಿನ ರಾಗಿಯ ಧಾರಣೆಯನ್ನು ಎದೆ ಹಿಡಿದುಕೊಂಡು ಕೇಳುವ ಮೇಷ್ಟ್ರು ನಾನೊಬ್ಬನೇ. ಈ ತಿಂಗಳು ಪಲ್ಲಕ್ಕೆ ಮೂವತ್ತೊಂದಾಗಿದೆಯಂತೆ. ಹದಿಮೂರು ರೂಪಾಯಿ ಮೂವತ್ತಮೂರು ನಯಾಪೈಸೆ ಎಣಿಸಿ, ವೀಳ್ಯದೆಲೆಯ ಮೇಲಿಟ್ಟುಕೊಂಡು, ಹನಗೋಡಿನ ರಾಗಿ ಪಾರ್ಟಿಯ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೇನೆ.